ತಾಯಿಯ ಪತ್ರ, ಮಗನ ಮತ: ಟೆನೆಸ್ಸಿಯ ಶಾಸಕ ಹ್ಯಾರಿ ಬರ್ನ್

ಪ್ರಶ್ನೆ: 1920ರಲ್ಲಿ ಅಮೆರಿಕದ ಇಪ್ಪತ್ತನಾಲ್ಕು ವರ್ಷದ ಶಾಸಕನೊಬ್ಬ ತಾಯಿಯ ಪತ್ರ ಓದಿ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದ್ದರಿಂದ ಆ ದೇಶದ ಹೆಂಗಸರಿಗೆಲ್ಲ ಮತದಾನದ ಹಕ್ಕು ಸಿಕ್ಕಿತು ಎಂಬ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ನಿಜವೇ? ರಾಜ್ಯವೊಂದರ ಶಾಸಕನ ಒಂದು ಮತ ಇಡೀ ದೇಶದ ಸಂವಿಧಾನವನ್ನು ಬದಲಿಸುವುದು ಹೇಗೆ? ಆತ ಯಾರು, ಮುಂದೆ ಏನಾದರು?

ಉತ್ತರ: ಸಂದೇಶದಲ್ಲಿರುವ ಸಂಗತಿಗಳು ಹೆಚ್ಚುಕಡಿಮೆ ನಿಜ. ಶಾಸಕರ ಹೆಸರು ಹ್ಯಾರಿ ಟಿ. ಬರ್ನ್, ರಾಜ್ಯ ಟೆನೆಸ್ಸಿ, ದಿನಾಂಕ 1920ರ ಆಗಸ್ಟ್ 18. ತಾಯಿ ಪತ್ರ ಬರೆದದ್ದೂ ನಿಜ, ಅದು ಅಂದು ಮಗನ ಜೇಬಿನಲ್ಲಿದ್ದದ್ದೂ ನಿಜ. ಆದರೆ ಕಾರಣ ಹೇಳುವಾಗ ಸಂದೇಶ ಅವಸರ ಮಾಡಿದೆ. ಬರ್ನ್ ಅವರೇ ಮರುದಿನ ಸದನದ ಕಡತಕ್ಕೆ ಬರೆಸಿದ ಹೇಳಿಕೆಯಲ್ಲಿ ತಮ್ಮ ಮತಕ್ಕೆ ಐದು ಕಾರಣಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ತಾಯಿಯ ಮಾತು ಮೂರನೆಯದು. ಉಳಿದ ನಾಲ್ಕನ್ನು ಬಿಟ್ಟು ಓದಿದರೆ ಅವರು ಅಮ್ಮ ಹೇಳಿದಂತೆ ಕೇಳುವ ಮಗನಾಗಿ ಮಾತ್ರ ಕಾಣುತ್ತಾರೆ. ಐದನ್ನೂ ಓದಿದರೆ ತನ್ನ ಕ್ಷೇತ್ರ, ಪಕ್ಷ, ಕಾನೂನು ಮೂರನ್ನೂ ತೂಗಿ ನೋಡಿದ ಒಬ್ಬ ರಾಜಕಾರಣಿ ಕಾಣುತ್ತಾರೆ.

ಮೊದಲು ನಿಮ್ಮ ಎರಡನೆಯ ಪ್ರಶ್ನೆ. ಅಮೆರಿಕದಲ್ಲಿ ಸಂವಿಧಾನದ ಯಾವ ತಿದ್ದುಪಡಿಯೇ ಆಗಲಿ, ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಪಡೆದ ಮೇಲೆ ರಾಜ್ಯಗಳ ಮುಂದೆ ಹೋಗಬೇಕು, ಮತ್ತು ನಾಲ್ಕನೇ ಮೂರರಷ್ಟು ರಾಜ್ಯಗಳು ಅದನ್ನು ಅನುಮೋದಿಸಬೇಕು. ನಮ್ಮ ಸಂವಿಧಾನದ 368ನೇ ವಿಧಿಯಲ್ಲೂ ರಾಜ್ಯಗಳ ಅನುಮೋದನೆ ಇದೆಯಾದರೂ ಅದು ಆಯ್ದ ಕೆಲವು ವಿಷಯಗಳಿಗೆ ಮಾತ್ರ, ಅದಕ್ಕೂ ಅರ್ಧದಷ್ಟು ರಾಜ್ಯಗಳು ಒಪ್ಪಿದರೆ ಸಾಕು. ಅಮೆರಿಕದ ಮೆಟ್ಟಿಲು ಎತ್ತರದ್ದು. ಲಿಂಗದ ಕಾರಣಕ್ಕೆ ಯಾರಿಗೂ ಮತದಾನದ ಹಕ್ಕನ್ನು ನಿರಾಕರಿಸಬಾರದು ಎನ್ನುವ 19ನೇ ತಿದ್ದುಪಡಿ ಸಂಸತ್ತನ್ನು ದಾಟಿದ್ದು 1919ರ ಜೂನ್ 4ರಂದು. ಆಗ ಇದ್ದ 48 ರಾಜ್ಯಗಳಲ್ಲಿ 36 ಒಪ್ಪಬೇಕಿತ್ತು. 1920ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ರಾಜ್ಯ ಒಪ್ಪಿದಾಗ ಎಣಿಕೆ 35ಕ್ಕೆ ಬಂದು ಅಲ್ಲಿಯೇ ನಿಂತುಬಿಟ್ಟಿತು. ದಕ್ಷಿಣದ ಹಲವು ರಾಜ್ಯಗಳು ಆಗಲೇ ತಿರಸ್ಕರಿಸಿದ್ದವು. ಕನೆಕ್ಟಿಕಟ್ ಮತ್ತು ವರ್ಮಾಂಟ್‌ಗಳ ಗವರ್ನರರು ವಿಶೇಷ ಅಧಿವೇಶನ ಕರೆಯಲು ಒಪ್ಪಲಿಲ್ಲ. ಗೆದ್ದೇ ಗೆಲ್ಲುತ್ತೇವೆ ಎಂದುಕೊಂಡಿದ್ದ ಡೆಲಾವೇರ್ ಜೂನ್‌ನಲ್ಲಿ ಕೈಕೊಟ್ಟಿತು. ಉಳಿದ ಆಸೆ ಟೆನೆಸ್ಸಿ. ಅಧ್ಯಕ್ಷ ವಿಲ್ಸನ್ ತಂತಿ ಕಳಿಸಿ ಒತ್ತಾಯಿಸಿದ ಮೇಲೆ ಅಲ್ಲಿನ ಗವರ್ನರ್ ಆಲ್ಬರ್ಟ್ ರಾಬರ್ಟ್ಸ್ ಆಗಸ್ಟ್ 9ಕ್ಕೆ ವಿಶೇಷ ಅಧಿವೇಶನ ಕರೆದರು. ಅಲ್ಲಿ ಗವರ್ನರ್ ಎಂದರೆ ನಮ್ಮಲ್ಲಿಯಂತೆ ಕೇಂದ್ರ ನೇಮಿಸಿದವರಲ್ಲ, ಜನರಿಂದ ಆರಿಸಿ ಬಂದವರು. ಅಧಿಕಾರದ ಮಟ್ಟಿಗೆ ನಮ್ಮ ಮುಖ್ಯಮಂತ್ರಿಗೆ ಹತ್ತಿರ.

ಇಲ್ಲಿ ಒಂದು ಕಾನೂನಿನ ತೊಡಕೂ ಇತ್ತು. ಒಂದು ತಿದ್ದುಪಡಿ ರಾಜ್ಯಗಳ ಮುಂದೆ ಬಂದ ಮೇಲೆ ಚುನಾಯಿತವಾದ ಶಾಸನಸಭೆ ಮಾತ್ರ ಅದರ ಬಗ್ಗೆ ತೀರ್ಮಾನ ಮಾಡಬೇಕು ಎಂದು ಟೆನೆಸ್ಸಿಯ ಸಂವಿಧಾನ ಹೇಳುತ್ತಿತ್ತು. 1920ರಲ್ಲಿ ಕುಳಿತಿದ್ದವರು 1918ರಲ್ಲೇ ಗೆದ್ದು ಬಂದವರು. ಆದರೆ ಅದೇ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಹಾಯೊ ರಾಜ್ಯದ ಪ್ರಕರಣವೊಂದರಲ್ಲಿ, ಅನುಮೋದನೆಯ ಅಧಿಕಾರ ಶಾಸನಸಭೆಗೆ ದೇಶದ ಸಂವಿಧಾನದಿಂದಲೇ ಬಂದದ್ದು, ರಾಜ್ಯದ ಸಂವಿಧಾನ ಅದನ್ನು ಕಟ್ಟಿಹಾಕುವಂತಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತ್ತು. ಹೀಗಾಗಿ ದಾರಿ ತೆರೆಯಿತು. ಆದರೂ ರಾಜ್ಯದ ಸಂವಿಧಾನವನ್ನು ಪಾಲಿಸುವ ಪ್ರಮಾಣವಚನ ಮುರಿದಂತಾಗುತ್ತದೆ ಎಂಬ ವಾದ ಅಧಿವೇಶನದ ಉದ್ದಕ್ಕೂ ಕೇಳುತ್ತಲೇ ಇತ್ತು. ಬರ್ನ್ ಅವರ ಐದು ಕಾರಣಗಳಲ್ಲಿ ಎರಡನೆಯದು ಏಕೆ ಕಾನೂನಿನ ಮಾತಾಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಮನುಷ್ಯನ ವಿಚಾರ. ಬರ್ನ್ ಹುಟ್ಟಿದ್ದು 1895ರ ನವೆಂಬರ್ 12ರಂದು, ಪೂರ್ವ ಟೆನೆಸ್ಸಿಯ ಮೆಕ್‌ಮಿನ್ ಕೌಂಟಿಯ ನಯೋಟ ಎಂಬ ರೈಲುದಾರಿಯ ಊರಿನಲ್ಲಿ. ತಂದೆ ಅಲ್ಲಿಯ ಸ್ಟೇಷನ್ ಮಾಸ್ಟರ್; 1916ರಲ್ಲಿ ತೀರಿಕೊಂಡರು. ತಾಯಿ ಫೆಬ್ ಬರ್ನ್ ಕಾಲೇಜು ಮೆಟ್ಟಿಲು ಹತ್ತಿದ್ದವರು, ಶಾಲೆಯಲ್ಲಿ ಪಾಠ ಹೇಳಿದವರು, ಪತ್ರಿಕೆಗಳನ್ನು ಬಿಡದೆ ಓದುವವರು. ಗಂಡ ಹೋದ ಮೇಲೆ ಜಮೀನು, ಮನೆ ಎರಡನ್ನೂ ಅವರೇ ನೋಡಿಕೊಂಡರು. ಹ್ಯಾರಿ ಹೈಸ್ಕೂಲು ಮುಗಿಸಿ ಸದರ್ನ್ ರೈಲ್ವೆಯ ನೌಕರಿಗೆ ಸೇರಿದ್ದರು. 1918ರ ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದಿಂದ ಕೆಳಮನೆಗೆ ಗೆದ್ದಾಗ ಅವರಿಗೆ ಇನ್ನೂ ಇಪ್ಪತ್ತಮೂರು ತುಂಬಿರಲಿಲ್ಲ. ಅಂದಿನ ಶಾಸಕರಲ್ಲಿ ಅವರೇ ಎಲ್ಲರಿಗಿಂತ ಕಿರಿಯರು.

ಅಂದಿನ ಟೆನೆಸ್ಸಿಯ ಶಾಸಕ ಎಂದರೆ ಏನು ಎಂಬುದನ್ನು ಇಂದಿನ ನಮ್ಮ ಶಾಸಕರನ್ನು ಕಣ್ಣ ಮುಂದೆ ಇಟ್ಟುಕೊಂಡು ಊಹಿಸಬಾರದು. ಕೆಳಮನೆಯಲ್ಲಿ 99 ಸ್ಥಾನ, ಮೇಲ್ಮನೆಯಾದ ಸೆನೆಟ್‌ನಲ್ಲಿ 33. ಕೆಳಮನೆಯವರ ಅವಧಿ ಎರಡೇ ವರ್ಷ. ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ. 1870ರ ರಾಜ್ಯ ಸಂವಿಧಾನದ ಪ್ರಕಾರ ಭತ್ಯೆ ದಿನಕ್ಕೆ 4 ಡಾಲರ್, ಅದೂ ಸಾಮಾನ್ಯ ಅಧಿವೇಶನದಲ್ಲಿ 75 ದಿನಕ್ಕೆ, ವಿಶೇಷ ಅಧಿವೇಶನದಲ್ಲಿ 20 ದಿನಕ್ಕೆ ಮೀರದಂತೆ. ಬಂದುಹೋಗುವ ಖರ್ಚಿಗೆ 25 ಮೈಲಿಗೆ 4 ಡಾಲರ್. ಸಂಬಳ ಇಲ್ಲ, ಪಿಂಚಣಿ ಇಲ್ಲ. ಆದ್ದರಿಂದ ಶಾಸಕರು ರೈತರೋ ವಕೀಲರೋ ವ್ಯಾಪಾರಿಗಳೋ ಆಗಿಯೇ ಉಳಿಯುತ್ತಿದ್ದರು, ಅಧಿವೇಶನದ ದಿನಗಳಲ್ಲಿ ರಾಜಧಾನಿ ನ್ಯಾಶ್‌ವಿಲ್‌ಗೆ ರೈಲು ಹತ್ತುತ್ತಿದ್ದರು. ಬರ್ನ್ ಕೂಡ ರೈಲ್ವೆಯ ಕೆಲಸ ಬಿಟ್ಟಿರಲಿಲ್ಲ, ಬಿಡುವಿನಲ್ಲಿ ಕಾನೂನು ಓದುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಮತದಾರರ ಮುಂದೆ ಕೈಮುಗಿದು ನಿಲ್ಲಬೇಕಾದವನಿಗೆ ಆಗಸ್ಟ್‌ನಲ್ಲಿ ಹಾಕಿದ ಮತದ ಲೆಕ್ಕ ನವೆಂಬರ್‌ನಲ್ಲೇ ಚುಕ್ತಾ ಆಗುತ್ತದೆ. ಅವರ ನಡೆಯನ್ನು ಅಳೆಯುವಾಗ ಇದನ್ನು ಮರೆಯುವಂತಿಲ್ಲ.

ಆ ಆಗಸ್ಟ್‌ನಲ್ಲಿ ನ್ಯಾಶ್‌ವಿಲ್‌ನ ಹರ್ಮಿಟೇಜ್ ಹೋಟೆಲ್ ಎರಡೂ ಬಣಗಳ ಬಿಡಾರವಾಗಿತ್ತು. ಮಹಿಳಾ ಮತದಾನ ಚಳವಳಿಯ ರಾಷ್ಟ್ರೀಯ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಅಲ್ಲಿಯೇ ಕೋಣೆ ಹಿಡಿದಿದ್ದರು. ವಿರೋಧಿ ಮಹಿಳೆಯರ ಮುಂದಾಳು ಜೋಸೆಫಿನ್ ಪಿಯರ್ಸನ್ ಕೂಡ ಅಲ್ಲಿಯೇ ಇದ್ದರು. ಹೌದು, ವಿರೋಧಿಸಿದವರಲ್ಲಿ ಹೆಂಗಸರೂ ಇದ್ದರು, ಚೆನ್ನಾಗಿಯೇ ಸಂಘಟಿತರಾಗಿದ್ದರು. ಪರವಾಗಿದ್ದವರು ಹಳದಿ ಗುಲಾಬಿ ಮುಡಿದರೆ ವಿರೋಧಿಗಳು ಕೆಂಪು ಗುಲಾಬಿ ಮುಡಿಯುತ್ತಿದ್ದರು. ಶಾಸಕರ ಕೋಟಿನ ಹೂ ನೋಡಿ ತಲೆ ಎಣಿಸುವುದು ನಡೆಯುತ್ತಿತ್ತು. ಆಗಸ್ಟ್ 13ರಂದು ಸೆನೆಟ್ 25ಕ್ಕೆ 4 ಮತಗಳಿಂದ ಸುಲಭವಾಗಿ ಒಪ್ಪಿತು. ಅಂದು ಸೆನೆಟ್‌ನಲ್ಲಿ ಮಹಿಳಾ ಹೋರಾಟಗಾರರ ಮೇಲೆ ಕಟುವಾಗಿ ಹರಿಹಾಯ್ದವರು ಬರ್ನ್ ಅವರ ಭಾಗದವರೇ ಆದ ರಿಪಬ್ಲಿಕನ್ ಸೆನೆಟರ್ ಹರ್ಷೆಲ್ ಕ್ಯಾಂಡ್ಲರ್. ನಯೋಟದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ ಫೆಬ್ ಬರ್ನ್ ಅವರನ್ನು ಕೆರಳಿಸಿದ್ದು ಇಂತಹ ಭಾಷಣಗಳು.

ಅವರು ಮಗನಿಗೆ ಬರೆದದ್ದು ಏಳು ಪುಟಗಳ ಪತ್ರ. ಅದು ಮನೆಯ ಸುದ್ದಿಗಳ ನಡುವೆ ರಾಜಕೀಯವೂ ಬರುವ ತಾಯಿಯ ಪತ್ರವೇ ಹೊರತು ಘೋಷಣಾಪತ್ರವಲ್ಲ. ಮಹಿಳಾ ಮತದಾನದ ಪರವಾಗಿ ಮತ ಹಾಕು, ಅವರನ್ನು ಅನುಮಾನದಲ್ಲಿ ಇಡಬೇಡ. ವಿರೋಧದ ಕೆಲವು ಭಾಷಣಗಳನ್ನು ಓದಿದೆ, ತುಂಬ ಕಹಿಯಾಗಿದ್ದವು. ನೀನು ಯಾವ ಕಡೆ ಎಂದು ನೋಡುತ್ತಲೇ ಇದ್ದೇನೆ, ಇನ್ನೂ ಏನೂ ಕಂಡಿಲ್ಲ. ಒಳ್ಳೆಯ ಹುಡುಗನಾಗಿದ್ದು ಶ್ರೀಮತಿ ಕ್ಯಾಟ್ ಅವರಿಗೆ ನೆರವಾಗು ಎಂಬುದು ಅದರ ಸಾರ. ಮಗ ಏನನ್ನೂ ಬಾಯಿಬಿಡದೆ ಗೋಡೆಯ ಮೇಲೆ ಕುಳಿತಿದ್ದಾನೆ ಎಂಬುದು ತಾಯಿಗೆ ಸರಿಯಾಗಿಯೇ ಗೊತ್ತಾಗಿತ್ತು.

18ರ ಬೆಳಿಗ್ಗೆ ಕೆಳಮನೆಯಲ್ಲಿ ಹಾಜರಿದ್ದವರು 96 ಮಂದಿ. ಹಿಂದಿನ ದಿನವಷ್ಟೇ ನೆರೆಯ ನಾರ್ತ್ ಕೆರೊಲಿನಾದ ಸೆನೆಟ್ ವಿಷಯವನ್ನು ಮುಂದಕ್ಕೆ ಹಾಕಿದ ಸುದ್ದಿ ಬಂದಿತ್ತು. ಸಭಾಧ್ಯಕ್ಷ ಸೆತ್ ವಾಕರ್ ಮೊದಲು ತಿದ್ದುಪಡಿಯ ಪರ ಇದ್ದು ಆಮೇಲೆ ಎದುರು ಪಾಳೆಯಕ್ಕೆ ಹೋದವರು. ತಮ್ಮ ಕಡೆ ಸಂಖ್ಯೆ ಇದೆ ಎಂಬ ಭರವಸೆಯಲ್ಲಿ ಅವರು ಪೀಠದಿಂದಿಳಿದು, ನಿರ್ಣಯವನ್ನು ಚರ್ಚೆಯಿಂದ ಬದಿಗಿಡಬೇಕು ಎಂಬ ಸೂಚನೆ ಮಂಡಿಸಿದರು. ಬದಿಗಿಟ್ಟರೆ ವಿಷಯ ಸತ್ತಂತಾಗುವುದಿಲ್ಲ, ಆದರೆ ನವೆಂಬರ್ ಚುನಾವಣೆ ಕಳೆದು ಮುಂದಿನ ಜನವರಿಯ ಸಭೆಗೆ ಹೋಗುತ್ತದೆ. ಎರಡು ಕಡೆಯೂ ಕೋಪ ಕಟ್ಟಿಕೊಳ್ಳಲು ಬಯಸದ ಶಾಸಕನಿಗೆ ಇದಕ್ಕಿಂತ ಹಿತವಾದ ದಾರಿ ಬೇರೆ ಇಲ್ಲ. ಕೆಂಪು ಗುಲಾಬಿ ಮುಡಿದು ಬಂದಿದ್ದ ಬರ್ನ್ ಬದಿಗಿಡುವುದಕ್ಕೇ ಮತ ಹಾಕಿದರು. ಫಲಿತಾಂಶ 48–48. ವಾಕರ್ ನಂಬದೆ ಮತ್ತೆ ಹೆಸರು ಕರೆಸಿದರು, ಬರ್ನ್ ಮತ್ತೆ ಬದಿಗಿಡುವುದಕ್ಕೇ ಹಾಕಿದರು, ಮತ್ತೆ 48–48. ಸಮಬಲವಾದ್ದರಿಂದ ಸೂಚನೆ ಬಿದ್ದುಹೋಯಿತು.

ವಾಟ್ಸ್ಆ್ಯಪ್ ಸಂದೇಶದಲ್ಲಿ ಹೆಸರೇ ಇಲ್ಲದ ಒಬ್ಬ ವ್ಯಕ್ತಿ ಇಲ್ಲಿ ಬರುತ್ತಾರೆ. ವಾಕರ್ ತಮ್ಮವರೆಂದು ಎಣಿಸಿದ್ದ ಡೆಮಾಕ್ರಟಿಕ್ ಪಕ್ಷದ ಬ್ಯಾಂಕ್ಸ್ ಟರ್ನರ್ ಬದಿಗಿಡುವುದನ್ನು ವಿರೋಧಿಸಿದ್ದರಿಂದಲೇ ಆ ಸಮಬಲ ಬಂದದ್ದು. ಎರಡನೆಯ ಸಲ ಹೆಸರು ಕರೆಯುವಾಗ ವಾಕರ್ ಬಂದು ಟರ್ನರ್ ಹೆಗಲ ಮೇಲೆ ಕೈಹಾಕಿ ಕಿವಿಯಲ್ಲಿ ಮಾತನಾಡಿದರೂ ಟರ್ನರ್ ಕದಲಲಿಲ್ಲ. ಅವರು ಕದಲಿದ್ದರೆ ಬರ್ನ್ ಮನಸ್ಸು ಬದಲಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಹಾಗೆಯೇ, ಕೆಳಮನೆಯಲ್ಲಿ ದಿನಗಟ್ಟಲೆ ಮತ ಕಾಯ್ದುಕೊಂಡ ಮೆಂಫಿಸ್‌ನ ಶಾಸಕ, ಪೋಲೆಂಡ್‌ನಿಂದ ವಲಸೆ ಬಂದ ಯಹೂದಿ ಕುಟುಂಬದ ಜೋ ಹ್ಯಾನೋವರ್ ಅವರ ಶ್ರಮವೂ ಕಥೆಯಿಂದ ಹೊರಗೆ ಉಳಿದಿದೆ. ಒಂದೇ ಮತ ಆಚೆಗೆ ಹೋಗಿದ್ದರೂ ಬೀಳುತ್ತಿದ್ದ ನಿರ್ಣಯದಲ್ಲಿ ಗೆದ್ದ ಕಡೆಯ ಪ್ರತಿಯೊಂದು ಮತವೂ ನಿರ್ಣಾಯಕವೇ; ಪತ್ರ ಇದ್ದವರಿಗೆ ಮಾತ್ರ ಹೆಸರು ಬಂತು ಎನ್ನುವುದು ಬೇರೆ ಮಾತು.

ಬದಿಗಿಡುವ ಸೂಚನೆ ಬಿದ್ದ ಮೇಲೆ ವಾಕರ್ ಮೂಲ ನಿರ್ಣಯವನ್ನೇ ಮತಕ್ಕೆ ಹಾಕಿಸಿದರು. ಮತ್ತೆ 48–48 ಬಂದರೆ ತಿದ್ದುಪಡಿ ಬೀಳುತ್ತದೆ ಎಂಬುದು ಅವರ ಲೆಕ್ಕ. ಅಕ್ಷರಾನುಕ್ರಮದಲ್ಲಿ ಬರ್ನ್ ಹೆಸರು ಬೇಗನೆ ಬಂತು. ಅವರು ತಡವರಿಸದೆ ಒಪ್ಪಿಗೆ ಹೇಳಿದರು. ಕೆಲವರಿಗೆ ಅದು ಸರಿಯಾಗಿ ಕೇಳಿಸಿತೇ ಎಂಬ ಅನುಮಾನ. ಕೋಟಿನ ಮೇಲೆ ಕೆಂಪು ಹೂ ಇನ್ನೂ ಇತ್ತು. ಟರ್ನರ್ ಮೊದಲು ಮೌನವಾಗಿದ್ದು ಕೊನೆಗೆ ಒಪ್ಪಿಗೆ ಕೊಟ್ಟರು. ಪರ 49, ವಿರುದ್ಧ 47.

ಒಂದೇ ಬೆಳಿಗ್ಗೆ ಎರಡು ಸಲ ಒಂದು ಕಡೆ, ಮೂರನೆಯ ಸಲ ಇನ್ನೊಂದು ಕಡೆ ನಿಂತದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಇದಕ್ಕೆ ಬರ್ನ್ ಮುಂದೆ ಕೊಟ್ಟ ವಿವರಣೆ ನನಗೆ ನಂಬುವಂತಿದೆ. ಹೆಂಗಸರಿಗೆ ಮತದಾನದ ಹಕ್ಕು ಸಹಜವಾಗಿಯೇ ಇದೆ ಎಂದು ಅವರು ಮೊದಲಿನಿಂದ ನಂಬಿದ್ದರಂತೆ. ಓದಿ ತಿಳಿದ ತಮ್ಮ ತಾಯಿಗೆ ಮತ ಇರಲಿಲ್ಲ, ಅವರ ಜಮೀನನ್ನು ಗೇಣಿಗೆ ಮಾಡುತ್ತಿದ್ದ, ಅಕ್ಷರ ಬಾರದ ಗಂಡಸರಿಗೆ ಇತ್ತು. ಬದಿಗಿಡುವ ಸೂಚನೆಯಲ್ಲಿ ಪ್ರಶ್ನೆ ಈಗಲೋ ಆಮೇಲೋ ಎಂಬುದಷ್ಟೇ ಆಗಿತ್ತು. ಮೂರನೆಯ ಸಲ ಹೆಸರು ಕರೆದಾಗ ವಿಷಯದ ಮೇಲೆಯೇ, ಎಂದೆಂದಿಗೂ ಅಳಿಸಲಾಗದಂತೆ ದಾಖಲಾಗುವ ಉತ್ತರ ಕೊಡಬೇಕಿತ್ತು. ಸದನದ ನಡಾವಳಿ ಬಲ್ಲವರಿಗೆ ಈ ವ್ಯತ್ಯಾಸ ಹೊಸದಲ್ಲ. ಮುಂದೂಡಲು ಕೈ ಎತ್ತಿದವರೆಲ್ಲ ವಿಷಯದ ವಿರೋಧಿಗಳಾಗಿರುವುದಿಲ್ಲ. ಮತ ಹಾಕುವ ಮೊದಲು ಚಳವಳಿಯವರಿಗೆ ಅವರು ಮಾತು ಕೊಡಲಾರೆ, ಆದರೆ ನಿಮಗೆ ಕೇಡು ಮಾಡಲಾರೆ ಎಂಬ ಅರ್ಥದ ಮಾತು ಹೇಳಿದ್ದರೆಂಬುದೂ ಇದಕ್ಕೆ ಹೊಂದುತ್ತದೆ. ತಾಯಿಯ ಪತ್ರ ಅವರಿಗೆ ಹೊಸ ನಂಬಿಕೆಯನ್ನು ಕೊಡಲಿಲ್ಲ. ಇದ್ದ ನಂಬಿಕೆಯನ್ನು ಚುನಾವಣೆಯ ಭಯದಿಂದ ಬಿಡಿಸಿತು ಎಂದರೆ ಹೆಚ್ಚು ಸರಿಯಾದೀತು.

ಮತ ಬಿದ್ದ ಮೇಲೆ ಅವರು ಕಿಟಕಿಯಿಂದ ಹೊರಬಿದ್ದು ಗೋಡೆಯ ಅಂಚಿನಲ್ಲಿ ನಡೆದು ಅಟ್ಟದಲ್ಲಿ ಅಡಗಿದರು ಎಂಬ ಕಥೆ ಅನೇಕ ಕಡೆ ಸಿಗುತ್ತದೆ. ಓದಲು ಸೊಗಸಾಗಿದೆ, ಆಧಾರ ಗಟ್ಟಿಯಾಗಿಲ್ಲ. ಆಧಾರವಿರುವ ತೊಂದರೆಗಳೇ ಸಾಕಷ್ಟಿದ್ದವು. ಅವರು ಲಂಚ ಪಡೆದು ಮತ ಬದಲಿಸಿದರು ಎಂಬ ಅಫಿಡವಿಟ್‌ಗಳು ಹೊರಬಂದವು, ಪತ್ರಿಕೆಯಲ್ಲಿ ಅಚ್ಚಾದವು. ಆ ಆರೋಪ ಎಂದೂ ಸಾಬೀತಾಗಲಿಲ್ಲ. ಅದಕ್ಕೆ ಉತ್ತರವಾಗಿ ಮರುದಿನ ಕಡತಕ್ಕೆ ಸೇರಿಸಿದ್ದೇ ಆ ಐದು ಕಾರಣಗಳ ಹೇಳಿಕೆ. ಆರೋಪದಲ್ಲಿ ಎಳ್ಳಷ್ಟೂ ನಿಜವಿಲ್ಲ ಎಂದು ಹೇಳಿ ಅವರು ಮುಂದುವರಿಸುತ್ತಾರೆ: ಪೂರ್ಣ ಮತಾಧಿಕಾರವನ್ನು ಹಕ್ಕೆಂದು ನಂಬುತ್ತೇನೆ, ಅನುಮೋದಿಸಲು ನಮಗೆ ನೈತಿಕವಾಗಿಯೂ ಕಾನೂನಿನಂತೆಯೂ ಅಧಿಕಾರವಿತ್ತು, ತಾಯಿಯ ಬುದ್ಧಿಮಾತನ್ನು ಅನುಸರಿಸುವುದೇ ಹುಡುಗನಿಗೆ ಕ್ಷೇಮ ಮತ್ತು ನನ್ನ ತಾಯಿ ಅನುಮೋದನೆ ಬಯಸಿದ್ದರು, ಒಂದು ಕೋಟಿ ಎಪ್ಪತ್ತು ಲಕ್ಷ ಹೆಂಗಸರನ್ನು ರಾಜಕೀಯ ದಾಸ್ಯದಿಂದ ಬಿಡಿಸುವ ಅವಕಾಶ ಮನುಷ್ಯನೊಬ್ಬನಿಗೆ ಸಿಗುವುದು ಅಪರೂಪ, ಪೂರ್ವದ ಬೆಟ್ಟಸೀಮೆಯ ಒಬ್ಬ ರಿಪಬ್ಲಿಕನ್ ಇದನ್ನು ಸಾಧ್ಯ ಮಾಡಿದ ಎಂದು ನನ್ನ ಪಕ್ಷ ಹೇಳಿಕೊಳ್ಳುವಂತಾಗಲಿ. ಕೊನೆಯ ಕಾರಣವನ್ನು ಅಭಿಮಾನಿಗಳು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ಲಂಚದ ಆರೋಪ ಹೊತ್ತ ಮರುದಿನವೂ ಪಕ್ಷದ ಲಾಭವನ್ನು ಮುಚ್ಚಿಡದೆ ಬರೆದ ಈ ಪ್ರಾಮಾಣಿಕತೆ ನನಗಂತೂ ಅವರ ಮೇಲಿನ ಗೌರವವನ್ನು ಹೆಚ್ಚಿಸುತ್ತದೆ.

ತಾಯಿಯನ್ನೂ ಬಿಡಲಿಲ್ಲ. ಲೂಯಿಸಿಯಾನದ ಗವರ್ನರರ ಪತ್ನಿ ಎಂದು ಹೇಳಿಕೊಂಡ ಮಹಿಳೆಯೊಬ್ಬರು ನಯೋಟದ ಮನೆಗೇ ಬಂದು, ಪತ್ರ ಸುಳ್ಳೆಂದು ಹೇಳಿಸಲು ಇನ್ನಿಲ್ಲದಂತೆ ಒತ್ತಾಯಿಸಿದರು. ಫೆಬ್ ಬರ್ನ್ ಕೂಡಲೇ ತಂತಿ ಕಳಿಸಿದರು: ಪತ್ರ ನಾನೇ ಬರೆದದ್ದು, ನನ್ನ ಹೆಸರಿನಲ್ಲಿ ಬೇರೆ ಯಾವ ಹೇಳಿಕೆ ಬಂದರೂ ಸುಳ್ಳು, ಮಗ ಕೊನೆಯವರೆಗೂ ಇದಕ್ಕೇ ಅಂಟಿಕೊಳ್ಳಲಿ, ಬಂದಾಕೆಯನ್ನು ಮನೆಯಿಂದ ಹೊರಗೆ ಕಳಿಸುವುದೇ ಕಷ್ಟವಾಯಿತು ಎಂದು.

ಸದನದೊಳಗಿನ ಆಟ ಅಲ್ಲಿಗೆ ಮುಗಿದಿರಲಿಲ್ಲ. ಮರುಪರಿಶೀಲನೆ ಕೇಳುವ ಹಕ್ಕು ಗೆದ್ದ ಕಡೆಯವರಿಗೆ ಮಾತ್ರ ಇದ್ದುದರಿಂದ ವಾಕರ್ ತಮ್ಮ ಮತವನ್ನು ಪರವಾಗಿ ಬದಲಿಸಿಕೊಂಡರು. ಲೆಕ್ಕ 50–46 ಆಯಿತು. 99 ಸ್ಥಾನಗಳ ಸದನದಲ್ಲಿ 50 ಎಂದರೆ ಒಟ್ಟು ಸದಸ್ಯಬಲದ ಬಹುಮತ. 49 ಸಾಲದು ಎಂದು ಯಾರಾದರೂ ತಗಾದೆ ತೆಗೆಯುವ ಅವಕಾಶವನ್ನು ವಿರೋಧಿಗಳ ನಾಯಕರೇ ಹೀಗೆ ಮುಚ್ಚಿದಂತಾಯಿತು. ಮೂರು ದಿನಗಳಲ್ಲಿ ಮತ ಒಡೆಯಲು ಆಗದಿದ್ದಾಗ ವಿರೋಧಿ ಶಾಸಕರ ಗುಂಪು ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಕೆಡಿಸಲೆಂದು ರಾತ್ರೋರಾತ್ರಿ ರೈಲು ಹತ್ತಿ ಅಲಬಾಮ ರಾಜ್ಯದ ಡಿಕೇಟರ್ ಊರಿಗೆ ಹೋಯಿತು. ರೆಸಾರ್ಟ್ ರಾಜಕಾರಣ ನೋಡಿದ ನಮಗೆ ಇದು ಪರಿಚಿತ ದೃಶ್ಯವೇ. ಉಳಿದವರು 21ರಂದು ಮರುಪರಿಶೀಲನೆಯ ಸೂಚನೆಯನ್ನು ತೆಗೆದುಹಾಕಿದರು, ಗವರ್ನರ್ 24ರಂದು ಪ್ರಮಾಣಪತ್ರಕ್ಕೆ ಸಹಿ ಮಾಡಿದರು, 26ರ ಬೆಳಿಗ್ಗೆ ವಿದೇಶಾಂಗ ಕಾರ್ಯದರ್ಶಿ ಬೇನ್‌ಬ್ರಿಜ್ ಕೋಲ್ಬಿ ತಮ್ಮ ಮನೆಯಲ್ಲೇ ಘೋಷಣೆಗೆ ಸಹಿ ಹಾಕಿದರು. ತಿಂಗಳ ಕೊನೆಗೆ ಟೆನೆಸ್ಸಿಯ ಕೆಳಮನೆ ಒಪ್ಪಿಗೆಯನ್ನು ಹಿಂತೆಗೆಯಲು ಮತ ಹಾಕಿತಾದರೂ ಕಾಲ ಮಿಂಚಿತ್ತು. ಸೆಪ್ಟೆಂಬರ್‌ನಲ್ಲಿ ಕನೆಕ್ಟಿಕಟ್ ಕೂಡ ಅನುಮೋದಿಸಿತು, 1922ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ನಿಮ್ಮ ಸಂದೇಶದ ಇನ್ನೊಂದು ಮಾತನ್ನು ತಿದ್ದಬೇಕು. ಹೆಂಗಸರಿಗೆಲ್ಲ ಹಕ್ಕು ಸಿಕ್ಕಿತು ಎನ್ನುವುದು ಕಾಗದದ ಮೇಲಷ್ಟೇ ನಿಜ. ಪಶ್ಚಿಮದ ಕೆಲವು ರಾಜ್ಯಗಳಲ್ಲಿ ಅವರು ಆಗಲೇ ಮತ ಹಾಕುತ್ತಿದ್ದರು. ದಕ್ಷಿಣದಲ್ಲಿ ಕಪ್ಪು ಜನಾಂಗದ ಗಂಡಸರನ್ನು ದೂರವಿಟ್ಟಿದ್ದ ಅಡ್ಡಿಗಳೇ, ಅಂದರೆ ಮತದಾನಕ್ಕೆ ಮೊದಲು ಕಟ್ಟಬೇಕಾದ ತಲೆಗಂದಾಯ, ಅಕ್ಷರ ಪರೀಕ್ಷೆ, ಬೆದರಿಕೆ ಇವೆಲ್ಲ, ಆ ಜನಾಂಗದ ಹೆಂಗಸರ ದಾರಿಗೂ ಬಂದವು. ಅವು ಬಹುಮಟ್ಟಿಗೆ ಸರಿದದ್ದು 1965ರ ಮತದಾನ ಹಕ್ಕುಗಳ ಕಾಯ್ದೆಯ ನಂತರ.

ಬರ್ನ್ ಮುಂದೆ ಏನಾದರು? ಅವರ ರಾಜಕೀಯ ಜೀವನ ಅಂದಿಗೇ ಮುಗಿಯಿತು ಎಂದು ಕೆಲವರು ಬರೆಯುತ್ತಾರೆ, ಅದು ತಪ್ಪು. ಅದೇ ನವೆಂಬರ್‌ನಲ್ಲಿ ಕಡಿಮೆ ಅಂತರದಿಂದಾದರೂ ಮತ್ತೆ ಗೆದ್ದರು; ಆ ಚುನಾವಣೆಯಲ್ಲಿ ಗವರ್ನರ್ ರಾಬರ್ಟ್ಸ್ ಸೋತರು. 1923ರಲ್ಲಿ ವಕೀಲರಾದರು. 1930ರಲ್ಲಿ ಗವರ್ನರ್ ಹುದ್ದೆಗೆ ತಮ್ಮ ಪಕ್ಷದ ಅಭ್ಯರ್ಥಿಯಾಗಲು ಸ್ಪರ್ಧಿಸಿ ಸೋತರು. ಫೆಬ್ ಬರ್ನ್ 1945ರಲ್ಲಿ ತೀರಿಕೊಂಡರು. ಮಗ 1948ರಲ್ಲಿ ರಾಜ್ಯ ಸೆನೆಟ್‌ಗೆ ಆರಿಸಿ ಬಂದು ನಾಲ್ಕು ವರ್ಷ ಇದ್ದರು. 1951ರಲ್ಲಿ ರಾಕ್‌ವುಡ್ ಎಂಬ ಊರಿನ ಬ್ಯಾಂಕೊಂದರ ಅಧ್ಯಕ್ಷರಾದರು. ರಾಜ್ಯದ ಸಂವಿಧಾನವನ್ನು ತಿದ್ದಲು 1953, 1959, 1965 ಮತ್ತು 1971ರಲ್ಲಿ ಸೇರಿದ ನಾಲ್ಕೂ ಸಮಾವೇಶಗಳಿಗೆ ಅವರು ಪ್ರತಿನಿಧಿಯಾಗಿದ್ದರು. 1870ರಿಂದ ಒಂದಕ್ಷರವೂ ಬದಲಾಗದೆ ಇದ್ದ ಆ ಸಂವಿಧಾನದಿಂದ ತಲೆಗಂದಾಯದ ಷರತ್ತನ್ನು ತೆಗೆದದ್ದು 1953ರ ಸಮಾವೇಶ. ಶಾಸಕರ ದಿನಕ್ಕೆ 4 ಡಾಲರ್ ಭತ್ಯೆ ಬದಲಾದದ್ದೂ ಆಗಲೇ. ಅವರು 1977ರ ಫೆಬ್ರವರಿ 19ರಂದು ನಯೋಟದಲ್ಲಿ ತೀರಿಕೊಂಡರು. ತಾಯಿಯ ಆ ಏಳು ಪುಟಗಳು ನಾಕ್ಸ್‌ವಿಲ್‌ನ ಸಾರ್ವಜನಿಕ ಗ್ರಂಥಾಲಯದ ಇತಿಹಾಸ ಸಂಗ್ರಹದಲ್ಲಿವೆ.